ಹ್ಯುಮಿಡಾರ್: ಸಿಗಾರ್ ದಾಸ್ತಾನು, ತೇವಾಂಶ ಮತ್ತು ಲೆಕ್ಕಪತ್ರ

ಯಶವಂತಪುರದ ಎಪಿಎಂಸಿ ಪ್ರಾಂಗಣದ ವರ್ತಕರಿಗೆ ತೇವಾಂಶದ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಣಮೆಣಸಿನಕಾಯಿ ಅತಿಯಾಗಿ ಒಣಗಿದರೆ ತೂಕ ಇಳಿದು ಪುಡಿಯಾಗುತ್ತದೆ. ತೇವ ಹಿಡಿದರೆ ಬೂಷ್ಟು ಬರುತ್ತದೆ. ಬೆಲ್ಲವು ಮಳೆಗಾಲದಲ್ಲಿ ನೀರೊಡೆಯುತ್ತದೆ. ಸಿಗಾರ್ ಸಹ ಇದೇ ಜಾತಿಯ ಸರಕು. ವ್ಯತ್ಯಾಸವಿಷ್ಟೆ: ಮೆಣಸಿನಕಾಯಿಯ ಒಂದು ಚೀಲ ಕೆಟ್ಟರೆ ಆಗುವ ನಷ್ಟವು ಇಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಆಗಿಬಿಡುತ್ತದೆ.

ದೇವನಹಳ್ಳಿಯ ವಿಮಾನ ನಿಲ್ದಾಣವು 2008ರಲ್ಲಿ ಆರಂಭವಾದ ನಂತರ ಹೆಬ್ಬಾಳ ಮತ್ತು ಯಲಹಂಕದ ಮಾರ್ಗದಲ್ಲಿ ಹೋಟೆಲುಗಳೂ ದುಬಾರಿ ಉಡುಗೊರೆ ವಸ್ತುಗಳ ಮಳಿಗೆಗಳೂ ಹೆಚ್ಚಿದವು. ಆರ್.ಟಿ. ನಗರದ ನನ್ನ ಕಕ್ಷಿದಾರರೊಬ್ಬರು ಇಂಥದೇ ಮಳಿಗೆಯಲ್ಲಿ ಸಿಗಾರ್ ಮಾರಾಟ ಆರಂಭಿಸಿ, ಸರಕನ್ನು ಹವಾನಿಯಂತ್ರಿತ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟರು. ಮಾರ್ಚ್ 31ರ ದಾಸ್ತಾನು ಪರಿಶೀಲನೆಗೆ ನಾನು ಹೋದಾಗ ಬಹುಪಾಲು ಸಿಗಾರುಗಳ ಹೊರಹೊದಿಕೆಯ ಎಲೆ ಬಿರುಕುಬಿಟ್ಟಿತ್ತು. "ಎ.ಸಿ. ಹಗಲಿಡೀ ಓಡುತ್ತಿತ್ತಲ್ಲ ಸಾರ್" ಎಂಬುದು ಅವರ ಪ್ರಶ್ನೆ. ಧೂಮಪಾನದ ಹಾನಿ ನನಗೆ ತಿಳಿದಿದೆ. ಅದರ ಅಭ್ಯಾಸವೂ ನನಗಿಲ್ಲ. ಆದರೆ ಕಾನೂನುಬದ್ಧವಾಗಿ ನಡೆಯುವ ವ್ಯಾಪಾರದಲ್ಲಿ ಬಂಡವಾಳವು ಹೀಗೆ ಒಣಗಿಹೋಗುವುದನ್ನು ಲೆಕ್ಕಪರಿಶೋಧಕನು ನೋಡಿಕೊಂಡು ಸುಮ್ಮನಿರಲಾಗದು.

ಸಿಗಾರ್ ಸುಸ್ಥಿತಿಯಲ್ಲಿರಲು ಸಾಪೇಕ್ಷ ತೇವಾಂಶವು ಶೇ. 65ರಿಂದ 70ರಷ್ಟು, ಉಷ್ಣಾಂಶವು 18ರಿಂದ 21 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ರೂಢಿಯ ಮಾನ. ಇಲ್ಲಿ 'ಸಾಪೇಕ್ಷ' ಎಂಬ ಪದವನ್ನು ಗಮನಿಸಬೇಕು. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. 34 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37.6 ಗ್ರಾಂ ನೀರಾವಿಯನ್ನು ಹಿಡಿದರೆ, 20 ಡಿಗ್ರಿಯಲ್ಲಿ 17.3 ಗ್ರಾಂ ಮಾತ್ರ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮಲ್ಲಿ 34 ಡಿಗ್ರಿ ಬಿಸಿಲು, ಶೇ. 25 ತೇವಾಂಶ ಇದೆಯೆಂದು ಇಟ್ಟುಕೊಳ್ಳೋಣ. ಆಗ ಗಾಳಿಯಲ್ಲಿರುವ ನೀರು 9.4 ಗ್ರಾಂ. ಅದೇ ಗಾಳಿಯನ್ನು 20 ಡಿಗ್ರಿಗೆ ತಂಪುಗೊಳಿಸಿದರೂ ತೇವಾಂಶ ಶೇ. 54ನ್ನು ಮೀರದು. ಇದರ ಮೇಲೆ ಹವಾನಿಯಂತ್ರಕವು ತನ್ನ ತಣ್ಣನೆಯ ಸುರುಳಿಯ ಮೇಲೆ ಒಂದಿಷ್ಟು ನೀರನ್ನು ಇಳಿಸಿ ಹೊರಗೆ ಚೆಲ್ಲುತ್ತದೆ. ಅಂದರೆ ಎ.ಸಿ. ಸಿಗಾರನ್ನು ಕಾಪಾಡಲಿಲ್ಲ, ಒಣಗಿಸಿತು. ಜುಲೈ ತಿಂಗಳ ಮುಂಜಾನೆಯಲ್ಲಿ ಸಂಗತಿ ತಿರುವುಮುರುವು: 20 ಡಿಗ್ರಿಯಲ್ಲಿ ಶೇ. 90 ತೇವಾಂಶವಿದ್ದರೆ ನೀರು 15.6 ಗ್ರಾಂ, ಮುಚ್ಚಳ ಸರಿಯಾಗಿ ಕೂರದ ಪೆಟ್ಟಿಗೆಯಲ್ಲಿ ಬೂಷ್ಟು ಖಚಿತ. ಆದಕಾರಣ ಬೆಂಗಳೂರಿನಲ್ಲಿ ಬೇಸಿಗೆಗೆ ತೇವ ಕೊಡುವ, ಮಳೆಗಾಲಕ್ಕೆ ತೇವ ಹೀರುವ ಎರಡೂ ಏರ್ಪಾಡುಗಳು ಬೇಕು. ಎರಡೂ ಕೆಲಸವನ್ನು ತಾವೇ ಮಾಡುವ ಲವಣದ ದ್ರಾವಣದ ಪೊಟ್ಟಣಗಳು ಈಗ ದೊರೆಯುತ್ತವೆ. ಸಣ್ಣ ಪೆಟ್ಟಿಗೆಗೆ ಇವೇ ಸಾಕು.

ಪೆಟ್ಟಿಗೆಯ ಒಳಮೈಗೆ ಸಾಂಪ್ರದಾಯಿಕವಾಗಿ ಬಳಸುವುದು ಸ್ಪ್ಯಾನಿಷ್ ಸೀಡರ್. ಹೆಸರು ಹೀಗಿದ್ದರೂ ಇದು ಸ್ಪೇನಿನದೂ ಅಲ್ಲ, ನಿಜವಾದ ಸೀಡರ್ ಕೂಡ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಸೆಡ್ರೆಲಾ ಮರ. 2020ರ ಆಗಸ್ಟ್‌ನಿಂದ ಇದು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಸೇರಿರುವುದರಿಂದ ಆಮದಿಗೆ ತಕ್ಕ ದಾಖಲೆ ಬೇಕು. ಪೀಣ್ಯ ಅಥವಾ ಯಲಹಂಕದಲ್ಲಿ ಪೀಠೋಪಕರಣ ತಯಾರಿಸುವ ಸದಸ್ಯರು ಇದರ ಹತ್ತಿರದ ಬಂಧುವಾದ ನಮ್ಮ ದೇಶದ ತೂನ್ ಮರವನ್ನು ಪರಿಶೀಲಿಸಬಹುದು. ಭಾರತದಲ್ಲಿ ಸಿಗಾರ್ ಪೆಟ್ಟಿಗೆಗಳಿಗೆ ಅದನ್ನು ಬಳಸಿದ ರೂಢಿಯುಂಟು. ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳ ಅಂಟಿನ ವಾಸನೆಯನ್ನು ತಂಬಾಕು ಹೀರಿಕೊಳ್ಳುತ್ತದೆ. ನಾಡಿನ ಅಭಿಮಾನದಿಂದ ಶ್ರೀಗಂಧದ ಒಳಮೈ ಮಾಡಿಸಹೊರಟವರೊಬ್ಬರನ್ನು ನಾನು ಬಲ್ಲೆ. ಆಮೇಲೆ ಅವರು ಸಿಗಾರ್ ಮಾರಬೇಕಾಗುತ್ತಿತ್ತೋ ಊದುಬತ್ತಿ ಮಾರಬೇಕಾಗುತ್ತಿತ್ತೋ ಹೇಳಲಾರೆ.

ಹೊಸ ಪೆಟ್ಟಿಗೆಯ ಒಣ ಮರವು ಮೊದಲು ಸಿಗಾರಿನ ತೇವವನ್ನೇ ಹೀರುತ್ತದೆ. ಆದ್ದರಿಂದ ಅದರೊಳಗೆ ಬಟ್ಟಿ ಇಳಿಸಿದ ನೀರಿನ ಪುಟ್ಟ ಬಟ್ಟಲನ್ನಿಟ್ಟು ಮುಚ್ಚಿ, ಒಂದೆರಡು ವಾರ ಹದಗೊಳಿಸಿದ ಮೇಲೆಯೇ ಸರಕನ್ನು ತುಂಬತಕ್ಕದ್ದು. ಅವಸರಕ್ಕೆ ಒದ್ದೆ ಬಟ್ಟೆಯಿಂದ ಒಳಮೈಯನ್ನು ಒರೆಸಿದರೆ ಹಲಗೆ ಡೊಂಕಾಗುವ ಅಪಾಯವಿದೆ. ಬೋರ್‌ವೆಲ್ ನೀರು ಬೇಡ. ಅದರ ಲವಣವು ತೇವ ಕೊಡುವ ಸ್ಪಂಜಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ತೇವಾಂಶ ಮಾಪಕವನ್ನು ಕಣ್ಣುಮುಚ್ಚಿ ನಂಬಬಾರದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಹಾಕಿ, ಕರಗದೆ ಹಸಿಯಾಗುವಷ್ಟು ಮಾತ್ರ ನೀರು ಸೇರಿಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಬೇಕು. ಒಳಗಿನ ತೇವಾಂಶವು ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 71 ತೋರಿಸಿದರೆ ಅದು ನಾಲ್ಕು ಅಂಶ ಕಡಿಮೆ ತೋರಿಸುತ್ತಿದೆಯೆಂದು ತಿಳಿಯತಕ್ಕದ್ದು. ನಮ್ಮ ತಕ್ಕಡಿಗಳಿಗೆ ಮುದ್ರೆ ಹಾಕಿಸುವ ಹಾಗೆ ಇದನ್ನು ವರ್ಷಕ್ಕೆ ಎರಡು ಬಾರಿಯಾದರೂ ಮಾಡುವುದು ಒಳಿತು.

ಇನ್ನು ಹುಳುವಿನ ಕಾಟ. ತಂಬಾಕನ್ನು ಕೊರೆಯುವ ಕಂದು ಬಣ್ಣದ ಸಣ್ಣ ಜೀರುಂಡೆಯೇ ಅರಿಸಿನ, ಒಣಶುಂಠಿ, ಕೊತ್ತಂಬರಿ ಬೀಜ ಮತ್ತು ಮೆಣಸಿನಕಾಯಿಯನ್ನೂ ಹಾಳುಮಾಡುವುದು. ಆದ್ದರಿಂದ ಸಾಂಬಾರ ಪದಾರ್ಥಗಳ ಗೋದಾಮಿನ ಪಕ್ಕದಲ್ಲಿ ಸಿಗಾರ್ ಇಡುವುದು ಸಲ್ಲದು. ಉಷ್ಣಾಂಶ 24 ಡಿಗ್ರಿ ದಾಟಿದರೆ ಅದರ ಮೊಟ್ಟೆಗಳು ಒಡೆಯುವ ಸಂಭವ ಹೆಚ್ಚು. ಅನುಮಾನ ಬಂದ ಪೆಟ್ಟಿಗೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಮೂರು ದಿನ ಇಟ್ಟು, ಒಂದು ದಿನ ಫ್ರಿಜ್‌ನಲ್ಲಿರಿಸಿ, ಅನಂತರ ಹೊರಗೆ ತೆಗೆಯುವುದು ವಾಡಿಕೆ. ಒಮ್ಮೆಲೇ ಹೊರಗೆ ತಂದರೆ ಎಲೆ ಸೀಳುತ್ತದೆ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಖರೀದಿ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಕೈಸೇರುವ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸತಕ್ಕದ್ದು. ಬಿರುಕುಬಿಟ್ಟ ಸಿಗಾರನ್ನು ಖರೀದಿ ಬೆಲೆಗೇ ತೋರಿಸಿದರೆ ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟಿದಂತೆ. 'ಹಳೆಯದಾದಷ್ಟೂ ಬೆಲೆ' ಎಂದು ಹ್ಯುಮಿಡಾರಿನ ವಿದ್ಯುತ್ ಖರ್ಚನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವುದೂ ವರ್ತಕರ ವಿಷಯದಲ್ಲಿ ಸರಿಯಲ್ಲ. ಸಂಗ್ರಹಣೆಯ ವೆಚ್ಚವು ಆಯಾ ವರ್ಷದ ಖರ್ಚು.

ಜಿಎಸ್‌ಟಿಯ ಪೆಟ್ಟು ಇದಕ್ಕಿಂತ ದೊಡ್ಡದು. ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)(ಎಚ್) ಪ್ರಕರಣದಂತೆ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಒಂದು ಲಕ್ಷ ರೂಪಾಯಿಯ ಸರಕಿಗೆ ತೆರಿಗೆ ಶೇ. 40 ಎಂದು ಹಿಡಿದರೆ, ಅದನ್ನು ಎಸೆದ ದಿನ ನಷ್ಟವು 1,40,000 ರೂಪಾಯಿ. ಅದೇ ಸರಕನ್ನು ಕಡಿಮೆ ಬೆಲೆಗೆ ನಿಜವಾಗಿ ಮಾರಿ, ನಿಯಮದಂತೆ ತೆರಿಗೆ ಕಟ್ಟಿದರೆ ಈ ಪ್ರಕರಣ ಅನ್ವಯಿಸದು. ಆದ್ದರಿಂದ ಸರಕು ಪೂರ್ತಿ ಕೆಡುವ ಮುನ್ನ ತೀರ್ಮಾನಿಸಬೇಕು. ಹ್ಯುಮಿಡಾರ್ ಕಪಾಟಿನ ಮೇಲೆ ತೆತ್ತ ಜಿಎಸ್‌ಟಿಯ ಜಮೆ ಸಾಮಾನ್ಯವಾಗಿ ದೊರೆಯುತ್ತದೆ. ಆದರೆ ಕೋಣೆಯನ್ನೇ ಕಟ್ಟಿಸಿದರೆ ಗೋಡೆ, ಛಾವಣಿಯ ಸಿವಿಲ್ ಕೆಲಸಕ್ಕೆ ದೊರೆಯದು. ಹೀಗಾಗಿ ಯಂತ್ರದ ಬಿಲ್ಲನ್ನೂ ಕಟ್ಟಡದ ಬಿಲ್ಲನ್ನೂ ಪ್ರತ್ಯೇಕವಾಗಿ ಪಡೆಯಿರಿ.

ಹ್ಯುಮಿಡಾರಿನ ಅಂದಕ್ಕಾಗಿ ಸಿಗಾರುಗಳನ್ನು ಮೂಲ ಪೊಟ್ಟಣದಿಂದ ತೆಗೆದು ಜೋಡಿಸುವ ಆಸೆಯುಂಟಾಗುತ್ತದೆ. 2003ರ ತಂಬಾಕು ನಿಯಂತ್ರಣ ಕಾಯಿದೆಯಡಿ ಪೊಟ್ಟಣದ ಮುಖ್ಯ ಮುಖಗಳ ಶೇ. 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಲೇಬೇಕು. ಅದಿಲ್ಲದ ವಿದೇಶಿ ಪೆಟ್ಟಿಗೆಯನ್ನು ಮಾರುವಂತಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಖರೀದಿದಾರರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ.

ವಿಮೆಯ ಬಗ್ಗೆ ಒಂದು ಮಾತು. ಸಾಮಾನ್ಯ ಅಗ್ನಿ ವಿಮೆಯು ಒಣಗಿ ಕೆಟ್ಟ ಸರಕಿಗೆ ಪರಿಹಾರ ಕೊಡುವುದಿಲ್ಲ. ವಿದ್ಯುತ್ ಹೋಗಿ ತಂಪುಯಂತ್ರ ನಿಂತು ಆಗುವ ನಷ್ಟಕ್ಕೆ ರಕ್ಷಣೆಯುಂಟೇ ಎಂಬುದನ್ನು ಪಾಲಿಸಿ ಪಡೆಯುವ ಮುನ್ನವೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಆರ್.ಟಿ. ನಗರದ ಮಳಿಗೆಯಲ್ಲಿ ಈಗ ಹ್ಯುಮಿಡಾರಿನ ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಪುಸ್ತಕವಿದೆ. ಬೆಳಿಗ್ಗೆ ಬಾಗಿಲು ತೆರೆದಾಗ ಮತ್ತು ರಾತ್ರಿ ಮುಚ್ಚುವಾಗ ತೇವಾಂಶ, ಉಷ್ಣಾಂಶ, ವಿದ್ಯುತ್ ಕಡಿತದ ವೇಳೆಯನ್ನು ಬರೆದು ಹುಡುಗ ಸಹಿ ಹಾಕುತ್ತಾನೆ. ಬೆಲೆ ಇಳಿಸಿ ಮಾರಿದ ಸರಕಿನ ಬಗ್ಗೆ ಮುಂದೆ ಅಧಿಕಾರಿಗಳು ಕೇಳಿದಲ್ಲಿ ನಾನು ಮುಂದಿಡುವುದು ಇದೇ ಪುಸ್ತಕವನ್ನು.