ಮಾಯದ ಹುಣ್ಣು, ಕುಗ್ಗಿದ ಮನಸ್ಸು

ದುಡಿಯುವ ಕೈಕಾಲುಗಳಿಗೆ ಗಾಯವಾಗುವುದು ಸಹಜ. ಮುಳ್ಳು ಚುಚ್ಚಿದ ಅಥವಾ ಕುಡುಗೋಲು ತಾಗಿದ ಸಣ್ಣ ಗಾಯವು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಆದರೆ ಕೆಲವರ ಕಾಲಿನ ಹುಣ್ಣು ತಿಂಗಳುಗಳು ಕಳೆದರೂ ಮಾಯುವುದಿಲ್ಲ. ಹುಣ್ಣು ಹಳೆಯದಾದಂತೆ ರೋಗಿಯ ಮಾತು ಕಡಿಮೆಯಾಗುತ್ತದೆ, ಊಟ ಸೇರುವುದಿಲ್ಲ, ನಿದ್ರೆ ಹತ್ತುವುದಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದೋ ಹಣೆಬರಹವೆಂದೋ ಭಾವಿಸುತ್ತಾರೆ. ಈ ಎರಡು ಭಾವನೆಗಳೂ ತಪ್ಪು. ಹುಣ್ಣಿಗೂ ಮನಸ್ಸಿಗೂ ನಿಕಟ ಸಂಬಂಧವುಂಟು. ದಂಪತಿಗಳಾದ ನೀವಿಬ್ಬರೂ ಇದನ್ನು ಅರಿತಿರುವುದು ಅವಶ್ಯಕ.

ಚರ್ಮದ ಮೇಲಿನ ಸೂಕ್ಷ್ಮಜೀವಿಗಳು

ನಮ್ಮ ಚರ್ಮದ ಮೇಲೆ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಜೀವಿಗಳು ಸದಾ ವಾಸಿಸುತ್ತವೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವಂತೂ ರೋಗಾಣುಗಳು ನೆಲೆಯೂರದಂತೆ ತಡೆದು ಉಪಕಾರವನ್ನೇ ಮಾಡುತ್ತವೆ. ಚರ್ಮವು ಹೊಲದ ಬೇಲಿ ಇದ್ದಂತೆ. ಬೇಲಿ ಮುರಿದಲ್ಲಿ ದನ ನುಗ್ಗುವ ಹಾಗೆ, ಗಾಯವಾದಲ್ಲಿ ಸೂಕ್ಷ್ಮಜೀವಿಗಳು ಒಳನುಗ್ಗುತ್ತವೆ. ರಕ್ತದಲ್ಲಿರುವ ಬಿಳಿ ಕಣಗಳು ಅವುಗಳೊಡನೆ ಹೋರಾಡಿ ಅವುಗಳನ್ನು ನಾಶಪಡಿಸುತ್ತವೆ.

ಗಾಯವು ಬಹುಕಾಲ ತೆರೆದೇ ಇದ್ದರೆ ಸ್ಟೆಫಿಲೊಕಾಕಸ್, ಸ್ಯೂಡೊಮೊನಾಸ್ ಮುಂತಾದ ರೋಗಾಣುಗಳು ಅಲ್ಲಿ ಗುಂಪುಗೂಡಿ, ಕೆರೆಯ ಮೆಟ್ಟಿಲ ಮೇಲಿನ ಪಾಚಿಯಂತಹ ಅಂಟು ಪೊರೆಯನ್ನು ಕಟ್ಟಿಕೊಳ್ಳುತ್ತವೆ. ಈ ಪೊರೆಯೊಳಗೆ ಔಷಧವೂ ಸುಲಭವಾಗಿ ಪ್ರವೇಶಿಸಲಾರದು. ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ ಉಳ್ಳವರಿಗೆ ಅಪಾಯ ಇನ್ನೂ ಹೆಚ್ಚು. ಅವರ ಪಾದಗಳಲ್ಲಿ ಸ್ಪರ್ಶಜ್ಞಾನವೂ ರಕ್ತಸಂಚಾರವೂ ಕುಂದಿರಬಹುದು. ಗಾಯವಾದದ್ದೇ ಅವರಿಗೆ ತಿಳಿಯದೆ ಹೋಗಬಹುದು. ಅಲಕ್ಷ್ಯ ಮಾಡಿದರೆ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗ ಬರುತ್ತದೆ.

ಮನಸ್ಸಿನ ಪಾತ್ರ

ಚಿಂತೆಯು ಬಹುದಿನ ಕಾಡಿದಾಗ ಶರೀರದಲ್ಲಿ ಕಾರ್ಟಿಸಾಲ್ ಎಂಬ ರಸವು ಹೆಚ್ಚಾಗಿ ಸ್ರವಿಸುತ್ತದೆ. ಇದರಿಂದ ಬಿಳಿ ರಕ್ತಕಣಗಳ ಶಕ್ತಿ ಕುಗ್ಗಿ, ರೋಗಾಣುಗಳ ಕೈ ಮೇಲಾಗುತ್ತದೆ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ತಜ್ಞರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ನಿದರ್ಶನ. ಮರೆವಿನ ರೋಗಕ್ಕೆ ತುತ್ತಾದ ಬಂಧುಗಳ ಆರೈಕೆಯಲ್ಲಿ ಬಳಲಿದ್ದ ಮಹಿಳೆಯರಲ್ಲಿ, ಒಂದು ಸಣ್ಣ ಗಾಯವು ಇತರರಿಗಿಂತ ಸುಮಾರು 9 ದಿನ ತಡವಾಗಿ ಮಾಯಿತು.

ಅದೇ ತಜ್ಞರು 2005ರಲ್ಲಿ 42 ದಂಪತಿಗಳನ್ನು ಪರೀಕ್ಷಿಸಿದರು. ಪರಸ್ಪರ ಕಟುವಾಗಿ ವರ್ತಿಸುತ್ತಿದ್ದ ದಂಪತಿಗಳಲ್ಲಿ ಗಾಯ ಮಾಯುವ ವೇಗವು ಸೌಮ್ಯವಾಗಿದ್ದವರ ವೇಗದ ಶೇಕಡಾ 60ರಷ್ಟು ಮಾತ್ರವಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯುಂಟು. ಆದರೆ ಗಾಯಗೊಂಡ ಶರೀರವು ಆ ಜಗಳವನ್ನು ಅಷ್ಟು ಬೇಗ ಮರೆಯುವುದಿಲ್ಲ.

ಹುಣ್ಣೂ ಮನಸ್ಸನ್ನು ಕುಗ್ಗಿಸುತ್ತದೆ. ನೋವು, ದುರ್ವಾಸನೆ, ಕೂಲಿಯ ನಷ್ಟ, ನಾಲ್ಕು ಜನರ ನಡುವೆ ಕುಳಿತುಕೊಳ್ಳಲು ಸಂಕೋಚ, ಇವೆಲ್ಲವೂ ಸೇರಿ ಖಿನ್ನತೆ ಉಂಟಾಗುತ್ತದೆ. ಖಿನ್ನನಾದವನು ಔಷಧವನ್ನೂ ಪಥ್ಯವನ್ನೂ ಕೈಬಿಡುತ್ತಾನೆ. ಹುಣ್ಣು ಇನ್ನಷ್ಟು ಕೆಡುತ್ತದೆ. ಇಂಗ್ಲೆಂಡಿನಲ್ಲಿ, ಮಧುಮೇಹದಿಂದ ಮೊದಲ ಬಾರಿ ಕಾಲಿನ ಹುಣ್ಣಾದ 253 ಜನರನ್ನು ಪರೀಕ್ಷಿಸಿದಾಗ ಸುಮಾರು ಮೂರನೆಯ ಒಂದು ಭಾಗದವರಲ್ಲಿ ಖಿನ್ನತೆ ಕಂಡುಬಂದಿತೆಂದು 2007ರಲ್ಲಿ ವರದಿಯಾಯಿತು.

ನೀವು ಮಾಡಬೇಕಾದುದೇನು?

1. ಹುಣ್ಣಿಗೆ ಸಗಣಿ, ಬೂದಿ, ಸುಣ್ಣ, ಕಾಫಿಪುಡಿ ಮುಂತಾದುವನ್ನು ಹಚ್ಚಬೇಡಿರಿ. ಸೋಪಿನಿಂದ ಕೈ ತೊಳೆದ ನಂತರವೇ ಹುಣ್ಣನ್ನು ಮುಟ್ಟಿರಿ.

2. ನಾಲ್ಕು ವಾರಗಳಲ್ಲಿ ಮಾಯದ ಹುಣ್ಣನ್ನು ತಪ್ಪದೆ ವೈದ್ಯರಿಗೆ ತೋರಿಸಿರಿ. ಮಧುಮೇಹಿಗಳು ಎಷ್ಟು ಸಣ್ಣ ಗಾಯವಾದರೂ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು.

3. ಬರಿಗಾಲಿನಲ್ಲಿ ನಡೆಯಬೇಡಿರಿ. ಬೀಡಿ, ಸಿಗರೇಟುಗಳನ್ನು ಬಿಡಿರಿ. ಬೇಳೆಕಾಳು, ಸೊಪ್ಪು, ಹಾಲು, ಮೊಟ್ಟೆಗಳನ್ನು ವೈದ್ಯರ ಸಲಹೆಯಂತೆ ಸೇವಿಸಿರಿ.

4. ಜ್ವರ ಬಂದರೆ, ಹುಣ್ಣಿನ ಸುತ್ತ ಕೆಂಪು ಹರಡಿದರೆ, ಚರ್ಮ ಕಪ್ಪಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

5. ಬೇಸರ, ನಿರಾಸೆ, ನಿದ್ರಾಹೀನತೆಗಳು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಿರಿ. ಖಿನ್ನತೆಗೆ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯ ದೂರವಾಣಿಯಲ್ಲಿ ಹಗಲೂ ರಾತ್ರಿ ಉಚಿತವಾಗಿ ಪಡೆಯಬಹುದು. ಸಾಯುವ ಮಾತನ್ನಾಡುವವರನ್ನು ಒಂಟಿಯಾಗಿ ಬಿಡಕೂಡದು.

ಮಡದಿಯ ಕಾಲಿಗೆ ಹುಣ್ಣಾದಾಗ ಪತಿಯು ನೀರು ಹೊತ್ತು ತರುವುದರಲ್ಲಿ ಅವಮಾನವೇನೂ ಇಲ್ಲ. ಪತಿ ಮಂಕಾಗಿ ಕುಳಿತಾಗ ಮಡದಿಯು ಹತ್ತಿರ ಕುಳಿತು ಎರಡು ಮಾತನಾಡಿದರೆ ಅದೂ ಆರೈಕೆಯೇ. ಪಟ್ಟಿ ಕಟ್ಟುವುದು ದಾದಿಯ ಕೆಲಸ. ಧೈರ್ಯ ತುಂಬುವುದು ನಿಮ್ಮ ಕೆಲಸ. ಎರಡೂ ಕೂಡಿದರೆ ಹುಣ್ಣು ಬೇಗ ಮಾಯಲು ಸಹಾಯವಾಗುತ್ತದೆ.