ಒಂದು ಮೀಟರ್ ಎತ್ತರದ ಆನೆ

ಇಟಲಿಯ ಸಿಸಿಲಿ ದ್ವೀಪದ ಸ್ಪಿನಗಾಲ್ಲೊ ಗುಹೆಯಲ್ಲಿ ಆನೆಗಳ ಪಳೆಯುಳಿಕೆಗಳು ರಾಶಿಯಾಗಿ ಸಿಕ್ಕಿವೆ. ಪೂರ್ತಿ ಬೆಳೆದ ಸಲಗವೂ ಭುಜದ ಮಟ್ಟಕ್ಕೆ ಸುಮಾರು 1 ಮೀಟರ್ ಎತ್ತರ, ಅಷ್ಟೇ. ಯುರೋಪಿನ ಮುಖ್ಯ ನೆಲದಲ್ಲಿದ್ದ ಇದರ ಪೂರ್ವಜರು 4 ಮೀಟರಿನಷ್ಟು ಬೆಳೆಯುತ್ತಿದ್ದವು. ನಮ್ಮ ನರ್ಮದಾ ಕಣಿವೆಯ ದೈತ್ಯ ಆನೆ ಪೇಲಿಯೊಲಾಕ್ಸೊಡಾನ್ ನಮಾಡಿಕಸ್ ಕೂಡ ಇದೇ ಕುಲದ್ದು.

ಇಷ್ಟೊಂದು ಕುಗ್ಗಿದ್ದು ಹೇಗೆ? ಆನೆ ಚೆನ್ನಾಗಿ ಈಜುತ್ತದೆ. ಸಿಂಹ, ಕತ್ತೆಕಿರುಬಗಳಿಗೆ ಕಡಲು ದಾಟುವುದು ಕಷ್ಟ. ಬೇಟೆಯಾಡುವವರೇ ಇಲ್ಲದ ಕಡೆ ದೊಡ್ಡ ಮೈಯಿಂದ ಸಿಗುತ್ತಿದ್ದ ರಕ್ಷಣೆಗೆ ಬೆಲೆಯಿಲ್ಲ. ಮೇವು ಮಾತ್ರ ದ್ವೀಪದಲ್ಲಿ ಬೆಳೆದಷ್ಟೇ. ಬರ ಬಂದರೆ ಬೇರೆಡೆ ಹೋಗುವಂತಿಲ್ಲ. ಕಡಿಮೆ ತಿಂದು ಬದುಕಬಲ್ಲ ಚಿಕ್ಕ ಮೈಯವು ಹೆಚ್ಚಾಗಿ ಉಳಿದು ಮರಿ ಹಾಕುತ್ತವೆ, ತಲೆಮಾರು ಕಳೆದಂತೆ ಗಾತ್ರ ಇಳಿಯುತ್ತದೆ. ಇದಕ್ಕೆ ಲಕ್ಷಾಂತರ ವರ್ಷ ಬೇಕೆಂದೇನಿಲ್ಲ. ಜರ್ಸಿ ದ್ವೀಪದ ಕೆಂಪು ಜಿಂಕೆಯ ತೂಕ 6,000 ವರ್ಷಗಳೊಳಗೆ ಆರನೇ ಒಂದು ಭಾಗಕ್ಕೆ ಇಳಿದಿತ್ತು. ಸಣ್ಣ ಪ್ರಾಣಿಗಳಲ್ಲಿ ಅನೇಕ ಸಲ ಇದರ ತದ್ವಿರುದ್ಧ ನಡೆಯುತ್ತದೆ: ಅಡಗಿ ಬದುಕುವ ಅಗತ್ಯ ತಪ್ಪಿದ ಮೇಲೆ ಮಿನೋರ್ಕಾ ದ್ವೀಪದ ಮೊಲವೊಂದು ಸುಮಾರು 12 ಕಿಲೋ ತೂಗುವಷ್ಟು ಬೆಳೆಯಿತು.

ಆದರೆ ಗಾತ್ರವೊಂದನ್ನೇ ನೋಡಿದರೆ ಸಾಲದು. ಮಿನೋರ್ಕಾದ ಪಕ್ಕದ ಮಯೋರ್ಕಾದಲ್ಲಿದ್ದ, ಆಡಿನ ಬಳಗದ ಮಯೊಟ್ರಾಗಸ್ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವ ಪ್ರಾಣಿ. ಬ್ರಿಟನ್ನಿನ ಡೊರೊಥಿಯಾ ಬೇಟ್ 1909ರಲ್ಲಿ ಅದರ ಮೂಳೆಗಳನ್ನು ಪತ್ತೆಹಚ್ಚಿದರು. ಮೆಡಿಟರೇನಿಯನ್ ಸಮುದ್ರ ಬಹುಪಾಲು ಬತ್ತಿದ್ದ ಕಾಲದಲ್ಲಿ ಅದರ ಪೂರ್ವಜರು ಅಲ್ಲಿಗೆ ನಡೆದು ಬಂದವೆಂದು ವಿಜ್ಞಾನಿಗಳು ಹೇಳುತ್ತಾರೆ. ಸುಮಾರು 53 ಲಕ್ಷ ವರ್ಷಗಳ ಹಿಂದೆ ನೀರು ಮತ್ತೆ ತುಂಬಿ ದಾರಿ ಮುಚ್ಚಿತು. ಆಡು, ಜಿಂಕೆಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದು ಸುತ್ತೆಲ್ಲ ಕಾವಲಿಡಲು. ಮಯೊಟ್ರಾಗಸ್‌ನ ಕಣ್ಣುಗಳು ಮುಂದಕ್ಕೆ ತಿರುಗಿದವು, ಕಾಲು ಗಿಡ್ಡವಾಯಿತು, ಮೆದುಳು ಚಿಕ್ಕದಾಯಿತು. ಓಟವಾಗಲಿ ಎಚ್ಚರವಾಗಲಿ ಬೇಕಿಲ್ಲದಾಗ ಅವುಗಳಿಗೆ ಬೇಕಾದ ಅಂಗಗಳನ್ನು ಸಾಕುವುದೂ ದುಬಾರಿಯೇ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಮೂಳೆಯ ತೆಳು ಸೀಳುಗಳಲ್ಲಿ ಸರೀಸೃಪಗಳಲ್ಲಿ ಕಾಣುವಂಥ ಬೆಳವಣಿಗೆಯ ಗೆರೆಗಳನ್ನು ತೋರಿಸಿತು. ಮೇವಿಲ್ಲದ ಕಾಲದಲ್ಲಿ ಅದು ಬೆಳೆಯುವುದನ್ನೇ ನಿಲ್ಲಿಸುತ್ತಿತ್ತು.

ಸಿಸಿಲಿಯ ಪುಟ್ಟ ಆನೆಯದ್ದೂ ನಿಧಾನದ ಬದುಕು. ಚಿಕ್ಕ ಪ್ರಾಣಿ ಬೇಗ ಬಲಿತು ಬೇಗ ಸಾಯುತ್ತದೆ ಎಂಬ ಎಣಿಕೆ ಇಲ್ಲಿ ಹುಸಿಯಾಯಿತು: ಅದು ಪ್ರಾಯಕ್ಕೆ ಬರುತ್ತಿದ್ದುದು ಸುಮಾರು 15ನೇ ವಯಸ್ಸಿಗೆ, ಬದುಕುತ್ತಿದ್ದುದು 68 ವರ್ಷವಾದರೂ.

ನಿಧಾನವಾಗಿ ಬೆಳೆದು ಅಪರೂಪಕ್ಕೆ ಮರಿ ಹಾಕುವ, ಓಡಲು ಬಾರದ ಪ್ರಾಣಿಗೆ ಹೊಸ ಬೇಟೆಗಾರನಿಂದ ಉಳಿಗಾಲವಿಲ್ಲ. 50 ಲಕ್ಷ ವರ್ಷ ಬಾಳಿದ ಮಯೊಟ್ರಾಗಸ್ ವಂಶ, ಮನುಷ್ಯರು ಮಯೋರ್ಕಾಕ್ಕೆ ಕಾಲಿಟ್ಟ ಕಾಲದಲ್ಲೇ, ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಳಿಯಿತು.