ಗಾಳಿ ಹೋದರೂ ಓಡುವ ಟಯರು: ಬದಲಿಸುವಾಗ ನೋಡಬೇಕಾದುದೇನು?

ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಅಂದಿನಿಂದ ಇಂದಿನವರೆಗೂ ಈ ಟಯರನ್ನು ಬಿಡದೆ ಕಾಡುತ್ತಿರುವ ತೊಂದರೆ ಒಂದೇ, ಪಂಕ್ಚರ್. ಸಾಮಾನ್ಯ ಕಾರಿನಲ್ಲಿ ಇದಕ್ಕೆ ಪರಿಹಾರ ಸುಲಭ. ಹಿಂದಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇರುತ್ತದೆ. ಜಾಕ್ ಏರಿಸಿ ಬದಲಿಸಿದರಾಯಿತು. ಆದರೆ ಸ್ಟೆಪ್ನಿಯೇ ಇಲ್ಲದ ಕಾರಾದರೆ?

ಅಮೆರಿಕದ ಶೆವರ್ಲೆ ಕಾರ್ವೆಟ್ ಇಂಥ ಒಂದು ಕ್ರೀಡಾ ಕಾರು. 1997ರಲ್ಲಿ ಬಂದ ಇದರ ಐದನೆಯ ಪೀಳಿಗೆಯಲ್ಲಿ ಮುಂದಿನ ಟಯರಿನ ಅಳತೆ 245/45 ಝಡ್‌ಆರ್ 17, ಹಿಂದಿನದು 275/40 ಝಡ್‌ಆರ್ 18. ಮುಂದಿನ ಚಕ್ರ ಹಿಂದಕ್ಕೆ ಹೊಂದುವುದಿಲ್ಲ, ಹಿಂದಿನದು ಮುಂದಕ್ಕೆ ಹೊಂದುವುದಿಲ್ಲ. ಒಂದೇ ಸ್ಟೆಪ್ನಿ ಇಟ್ಟರೆ ಎರಡೂ ಕಡೆ ಉಪಯೋಗಕ್ಕೆ ಬಾರದು. ಎರಡು ಇಡಲು ಜಾಗವಿಲ್ಲ. ಹೀಗಾಗಿ ತಯಾರಕರು ಸ್ಟೆಪ್ನಿಯನ್ನೂ ಜಾಕನ್ನೂ ಕೈಬಿಟ್ಟು, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ‘ರನ್-ಫ್ಲಾಟ್’ ಟಯರುಗಳನ್ನು ಹಾಕಿದರು. 2020ರ ಮಾದರಿಯಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದಕ್ಕೆ ಸರಿದರೂ ಈ ಪದ್ಧತಿ ಬದಲಾಗಲಿಲ್ಲ. ಆ ಟಯರುಗಳು ಸವೆದಾಗ ಮಾಲೀಕನ ಮುಂದೆ ಪ್ರಶ್ನೆ ಏಳುತ್ತದೆ: ಮತ್ತೆ ಅಂಥವನ್ನೇ ಹಾಕಿಸಬೇಕೆ, ಸಾಮಾನ್ಯ ಟಯರು ಸಾಕೆ? ಉತ್ತರ ಹುಡುಕುವ ಮುನ್ನ ಟಯರು ಭಾರ ಹೊರುವ ಬಗೆಯನ್ನು ತಿಳಿಯೋಣ.

ಭಾರ ಹೊರುವುದು ಯಾರು?

ಕಾರಿನ ಭಾರವನ್ನು ಹೊರುವುದು ರಬ್ಬರು ಎಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಅದರ ಬಹುಪಾಲನ್ನು ಹೊರುವುದು ಒಳಗಿನ ಗಾಳಿಯ ಒತ್ತಡ. ಚಾಲಕನೂ ಸೇರಿ ಕಾರಿನ ದ್ರವ್ಯರಾಶಿ 1500 ಕಿಗ್ರಾಂ ಎಂದುಕೊಳ್ಳಿ. ಪ್ರತಿ ಚಕ್ರದ ಪಾಲು 375 ಕಿಗ್ರಾಂ, ಅಂದರೆ ಸುಮಾರು 3675 ನ್ಯೂಟನ್ ಬಲ. ಟಯರಿನ ಒತ್ತಡ ಚದರ ಅಂಗುಲಕ್ಕೆ 30 ಪೌಂಡ್, ಅಂದರೆ ಸುಮಾರು 2.07 ಲಕ್ಷ ಪ್ಯಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ಟಯರು ನೆಲವನ್ನು ಮುಟ್ಟುವ ಜಾಗ ಸಿಗುತ್ತದೆ: ಸುಮಾರು 178 ಚದರ ಸೆಂಮೀ. ಇದು ಒಂದೂವರೆ ಅಂಚೆ ಕಾರ್ಡಿಗಿಂತ ತುಸು ಕಡಿಮೆ! ಪಕ್ಕಗೋಡೆಯ ಗಡಸುತನವನ್ನು ಬಿಟ್ಟು ಮಾಡಿದ ಸ್ಥೂಲ ಲೆಕ್ಕ ಇದು.

ಗಾಳಿ ಹೋದಾಗ ಈ ಆಧಾರವೇ ಇಲ್ಲವಾಗುತ್ತದೆ. ಸಾಮಾನ್ಯ ಟಯರಿನ ತೆಳು ಪಕ್ಕಗೋಡೆ ಮಡಿಚಿ, ರಿಮ್ ಮತ್ತು ರಸ್ತೆಯ ನಡುವೆ ಜಜ್ಜಿಹೋಗುತ್ತದೆ. ರನ್-ಫ್ಲಾಟ್ ಟಯರಿನಲ್ಲಿ ಪಕ್ಕಗೋಡೆಯ ಒಳಗೆ ದಪ್ಪನೆಯ ಗಡಸು ರಬ್ಬರಿನ ಪದರವಿರುತ್ತದೆ. ಗಾಳಿಯಿಲ್ಲದಾಗ ಈ ಗೋಡೆಯೇ ಕಂಬದಂತೆ ನಿಂತು ಭಾರ ಹೊರುತ್ತದೆ. ರಿಮ್ಮಿನ ಸುತ್ತ ಒಂದು ಬಳೆಯನ್ನಿಟ್ಟು ಭಾರ ಹೊರಿಸುವ ಇನ್ನೊಂದು ವಿಧಾನವೂ ಇತ್ತು. ಮಿಷೆಲಿನ್ ಕಂಪನಿಯ ‘ಪ್ಯಾಕ್ಸ್’ ಈ ಬಗೆಯದು. ವಿಶೇಷ ರಿಮ್ ಬೇಕಾಗುತ್ತಿದ್ದ ಕಾರಣ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಇಂದು ಮಾರುಕಟ್ಟೆಯಲ್ಲಿ ಸಿಗುವುದು ಬಹುಮಟ್ಟಿಗೆ ದಪ್ಪ ಪಕ್ಕಗೋಡೆಯ ಬಗೆ.

ಎಂಬತ್ತು ಕಿಮೀ ಮಿತಿ ಏಕೆ?

ಗಾಳಿ ಪೂರ್ತಿ ಹೋದ ಮೇಲೆ ಗಂಟೆಗೆ 80 ಕಿಮೀ ಮೀರದ ವೇಗದಲ್ಲಿ, 80 ಕಿಮೀ ದೂರದವರೆಗೆ ಹೋಗಬಹುದು ಎನ್ನುವುದು ಇಂಥ ಟಯರುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ. ಈ ಮಿತಿಯನ್ನು ಗೊತ್ತುಮಾಡುವುದು ಶಾಖ.

ರಬ್ಬರನ್ನು ಬಾಗಿಸಲು ನಾವು ಕೊಡುವ ಶಕ್ತಿಯಷ್ಟನ್ನೂ ಅದು ಮರಳಿ ಕೊಡುವುದಿಲ್ಲ. ಒಂದು ಭಾಗ ಶಾಖವಾಗಿ ಒಳಗೇ ಉಳಿಯುತ್ತದೆ. ಇದೇ ಹಿಸ್ಟರಿಸಿಸ್. ಮುಂದಿನ ಟಯರಿನ ಸುತ್ತಳತೆ ಸುಮಾರು 2.05 ಮೀಟರ್. 80 ಕಿಮೀ ಸಾಗುವಷ್ಟರಲ್ಲಿ ಅದು ಸುಮಾರು 39,000 ಸುತ್ತು ತಿರುಗುತ್ತದೆ. ಪಕ್ಕಗೋಡೆಯ ಪ್ರತಿ ಭಾಗವೂ ಅಷ್ಟು ಸಲ ಬಾಗಿ ನೆಟ್ಟಗಾಗುತ್ತದೆ. ರಬ್ಬರು ಶಾಖವನ್ನು ಬೇಗ ಹೊರಬಿಡುವ ವಸ್ತುವಲ್ಲ. ಉಷ್ಣತೆ ಏರುತ್ತ ಹೋಗಿ ಪದರಗಳ ಬೆಸುಗೆ ಸಡಿಲಗೊಂಡು, ಕೊನೆಗೆ ಟಯರು ಹರಿಯುತ್ತದೆ. ವೇಗ ಹೆಚ್ಚಿದರೆ ಶಾಖ ಹುಟ್ಟುವ ದರವೂ ಹೆಚ್ಚುತ್ತದೆ. ಆದ್ದರಿಂದ ಈ ಟಯರು ಕೊಡುವುದು ಊರು ಸೇರುವಷ್ಟು ಬಿಡುವು ಮಾತ್ರ.

ಇನ್ನೊಂದು ಅಪಾಯವೂ ಇದೆ. ಗಡಸು ಗೋಡೆಯಿಂದಾಗಿ ಗಾಳಿ ಹೋದದ್ದು ಚಾಲಕನಿಗೆ ತಿಳಿಯದೇ ಇರಬಹುದು. ಅವನು ಅದೇ ವೇಗದಲ್ಲಿ ಮುಂದುವರಿದರೆ ಟಯರು ಹಠಾತ್ತನೆ ಸೋಲಬಹುದು. ಹೀಗಾಗಿ ಒತ್ತಡ ತಿಳಿಸುವ ಸಂವೇದಕವಿಲ್ಲದ ಕಾರಿಗೆ ರನ್-ಫ್ಲಾಟ್ ಹಾಕಬಾರದು. ಟಯರು ಬದಲಿಸುವಾಗ ರಿಮ್ಮಿನಲ್ಲಿರುವ ಈ ಸಂವೇದಕಗಳು ಕೆಲಸ ಮಾಡುತ್ತಿವೆಯೇ ಎಂದು ಪರೀಕ್ಷಿಸಬೇಕು. ಅವುಗಳ ಬ್ಯಾಟರಿಗೂ ಆಯಸ್ಸಿದೆ.

ಗೋಡೆಯ ಮೇಲಿನ ಬರಹ

ಟಯರಿನ ಪಕ್ಕಗೋಡೆಯನ್ನು ಓದಲು ಕಲಿತರೆ ಅರ್ಧ ಆಯ್ಕೆ ಮುಗಿದಂತೆ. 245/45 ಝಡ್‌ಆರ್ 17 ಎಂದರೆ ಅಗಲ 245 ಮಿಮೀ, ಗೋಡೆಯ ಎತ್ತರ ಅಗಲದ ಶೇಕಡ 45, ರಿಮ್ಮಿನ ವ್ಯಾಸ 17 ಅಂಗುಲ. ‘ಆರ್’ ರೇಡಿಯಲ್ ರಚನೆಯನ್ನೂ ‘ಝಡ್’ ಗಂಟೆಗೆ 240 ಕಿಮೀ ಮೀರಿದ ವೇಗವನ್ನೂ ಸೂಚಿಸುತ್ತವೆ. ಮುಂದೆ ಬರುವ ಅಂಕಿ ಭಾರಸೂಚಿ. 95 ಎಂದರೆ ಒಂದು ಟಯರು ಹೊರಬಲ್ಲ ಗರಿಷ್ಠ ಭಾರ 690 ಕಿಗ್ರಾಂ. ಕೊನೆಯ ಅಕ್ಷರ ವೇಗಸೂಚಿ. ‘ಡಬ್ಲ್ಯು’ಗೆ 270 ಕಿಮೀ, ‘ವೈ’ಗೆ 300 ಕಿಮೀ. ಹೊಸ ಟಯರಿನ ಈ ಎರಡು ಸೂಚಿಗಳು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ರನ್-ಫ್ಲಾಟ್ ಎಂಬುದಕ್ಕೆ ಕಂಪನಿಗಳ ಗುರುತು ಬೇರೆಬೇರೆ. ಮಿಷೆಲಿನ್ ‘ಝಡ್‌ಪಿ’ ಎಂದೂ, ಬ್ರಿಜ್‌ಸ್ಟೋನ್ ‘ಆರ್‌ಎಫ್‌ಟಿ’ ಎಂದೂ, ಕಾಂಟಿನೆಂಟಲ್ ‘ಎಸ್‌ಎಸ್‌ಆರ್’ ಎಂದೂ ಬರೆಯುತ್ತವೆ. ತಯಾರಾದ ಕಾಲವನ್ನು ನಾಲ್ಕು ಅಂಕಿಗಳು ಹೇಳುತ್ತವೆ: 2319 ಎಂದರೆ 2019ನೆಯ ಇಸವಿಯ 23ನೆಯ ವಾರ. ಬಳಸದೆ ಗೋದಾಮಿನಲ್ಲಿಟ್ಟ ರಬ್ಬರಿಗೂ ವಯಸ್ಸಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ಈ ಅಂಕಿಯನ್ನು ನೋಡಿರಿ.

ಅಳತೆ ತಪ್ಪಿದರೆ?

ಹಿಂದಿನ ಟಯರಿನ ವ್ಯಾಸ 677.2 ಮಿಮೀ. ಅದರ ಬದಲು 275/35ರ 18 ಅಂಗುಲದ ಟಯರು ಹಾಕಿದರೆ ವ್ಯಾಸ 649.7 ಮಿಮೀಗೆ ಇಳಿಯುತ್ತದೆ. ಇದು ಶೇಕಡ 4ರಷ್ಟು ಕಡಿಮೆ. ಅದೇ ದೂರಕ್ಕೆ ಹಿಂದಿನ ಚಕ್ರ ಹೆಚ್ಚು ಸುತ್ತು ತಿರುಗಬೇಕು. ಬ್ರೇಕ್ ಮತ್ತು ಎಳೆತವನ್ನು ನಿಯಂತ್ರಿಸುವ ಗಣಕ ಮುಂದಿನ ಹಾಗೂ ಹಿಂದಿನ ಚಕ್ರಗಳ ವೇಗವನ್ನು ಸದಾ ಹೋಲಿಸುತ್ತಿರುತ್ತದೆ. ಹಿಂದಿನದು ವೇಗವಾಗಿ ತಿರುಗುವುದನ್ನು ಕಂಡು ಚಕ್ರ ಜಾರುತ್ತಿದೆ ಎಂದು ಅದು ತಪ್ಪಾಗಿ ಗ್ರಹಿಸಬಹುದು.

ರನ್-ಫ್ಲಾಟೋ, ಸಾಮಾನ್ಯವೋ?

ರನ್-ಫ್ಲಾಟಿನ ಬೆಲೆ ಹೆಚ್ಚು, ತೂಕ ಹೆಚ್ಚು. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿದಷ್ಟೂ ಚಕ್ರ ರಸ್ತೆಯ ಏರುಪೇರನ್ನು ಬೇಗ ಅನುಸರಿಸಲಾರದು. ಗಡಸು ಗೋಡೆ ಕುಲುಕಾಟವನ್ನು ಒಳಗೆ ದಾಟಿಸುತ್ತದೆ. ಗಾಳಿಯಿಲ್ಲದೆ ಓಡಿದ ಟಯರಿನ ಒಳಗೋಡೆ ಸುಟ್ಟಿದ್ದರೂ ಹೊರಗೆ ಕಾಣಿಸದು. ಆದ್ದರಿಂದ ಅದನ್ನು ಬಿಚ್ಚಿ ಒಳಗೆ ನೋಡದೆ ಪ್ಯಾಚ್ ಹಾಕಿಸುವಂತಿಲ್ಲ. ಬಹಳಷ್ಟು ಸಲ ಹೊಸದೇ ಬೇಕಾಗುತ್ತದೆ.

ಸಾಮಾನ್ಯ ಟಯರು ಹಗುರ, ಮೆತ್ತಗೆ, ಅಗ್ಗ. ಆದರೆ ಸ್ಟೆಪ್ನಿಯಿಲ್ಲದ ಕಾರಿನಲ್ಲಿ ಅದನ್ನು ಹಾಕಿಸಿದವರು ರಂಧ್ರ ಮುಚ್ಚುವ ದ್ರವವನ್ನೂ ಪುಟ್ಟ ಪಂಪನ್ನೂ ಒಯ್ಯಬೇಕು. ಈ ದ್ರವ ಮೊಳೆ ಚುಚ್ಚಿದ ಸಣ್ಣ ತೂತಿಗೆ ಸಾಕು. ಗುಂಡಿಗೆ ಬಿದ್ದು ಪಕ್ಕಗೋಡೆ ಹರಿದರೆ ನಿಷ್ಪ್ರಯೋಜಕ. ಊರುಗಳು ದೂರದೂರ ಇರುವ ಹೆದ್ದಾರಿಯಲ್ಲಿ ರಾತ್ರಿ ಓಡಾಡುವವರಿಗೆ ರನ್-ಫ್ಲಾಟ್ ಒಳ್ಳೆಯದು. ನಗರದೊಳಗೇ ಓಡಿಸುವವರಿಗೆ, ಕರೆದಾಗ ಸಹಾಯ ಬರುವ ಕಡೆ, ಸಾಮಾನ್ಯ ಟಯರೂ ನಡೆದೀತು. ಯಾವುದನ್ನೇ ಆರಿಸಲಿ, ನಾಲ್ಕೂ ಒಂದೇ ಬಗೆಯವಿರಬೇಕು. ಒಂದು ಕಡೆ ಗಡಸು, ಇನ್ನೊಂದು ಕಡೆ ಮೆತ್ತನೆಯ ಟಯರಿದ್ದರೆ ತಿರುವಿನಲ್ಲಿ ಕಾರಿನ ವರ್ತನೆ ಊಹೆಗೆ ಸಿಗದು.

ಹವಾಮಾನವನ್ನೂ ನೋಡಬೇಕು. ಬೇಸಿಗೆಯ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿ ಪ್ರದೇಶದವರಿಗೆ ಎಲ್ಲ ಋತುಗಳ ಟಯರು ಲೇಸು.

ಇದು ದೂರದ ದೇಶದ ದುಬಾರಿ ಕಾರಿನ ವಿಷಯ ಎನ್ನಿಸಬಹುದು. ಆದರೆ ಒತ್ತಡ ಸೂಚಕ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ನಮ್ಮ ಕೇಂದ್ರ ಸರ್ಕಾರವೂ 2020ರಲ್ಲಿ ನಿಯಮ ಬದಲಿಸಿದೆ. ಶಾಲೆಯ ಮುಂದೆ ನಿಂತಿರುವ ಯಾವುದಾದರೂ ಕಾರಿನ ಟಯರಿನ ಬರಹವನ್ನು ವಿದ್ಯಾರ್ಥಿಗಳು ಬರೆದುಕೊಂಡು ಬರಲಿ. ಅದರ ವ್ಯಾಸ, ಸುತ್ತಳತೆ, ವಯಸ್ಸು, ಒಂದು ಕಿಮೀಗೆ ತಿರುಗುವ ಸುತ್ತುಗಳು, ಇವನ್ನು ಲೆಕ್ಕ ಹಾಕಲಿ. ಸ್ಟೆಪ್ನಿಯನ್ನೂ ಪರೀಕ್ಷಿಸಲು ಮರೆಯದಿರಲಿ. ಬಹಳಷ್ಟು ಸಲ ಗಾಳಿಯಿಲ್ಲದೆ ಕುಳಿತಿರುವುದು ಅದೇ!